ಒಂದೇ ದಿನ ಬರೆದ ಎರಡು ಪತ್ರ

1842ರ ಫೆಬ್ರವರಿ 25. ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರು. ಅಬ್ರಹಾಂ ಲಿಂಕನ್‌ಗೆ ಆಗ 33 ವರ್ಷ. ವಕೀಲಿಕೆ ಮಾಡಿಕೊಂಡು, ಹಳೇ ಸಾಲ ತೀರಿಸುತ್ತಾ ಇದ್ದ ಮನುಷ್ಯ. ಅಧ್ಯಕ್ಷ ಆಗುವ ಮಾತು ಇನ್ನೂ ಬಹಳ ದೂರ. ಅವತ್ತು ಅವನು ಕೆಂಟಕಿಯಲ್ಲಿದ್ದ ಗೆಳೆಯ ಜೋಶುವಾ ಸ್ಪೀಡ್‌ಗೆ ಎರಡು ಪತ್ರ ಬರೆದ. ಎರಡಕ್ಕೂ ಅದೇ ತಾರೀಖು. ಎರಡನ್ನೂ ಒಟ್ಟಿಗೆ ಕಳಿಸಿದ.

ಸ್ಪೀಡ್‌ಗೆ ಮದುವೆಯಾಗಿ ಬರೀ ಹತ್ತು ದಿನ. ಒಂದು ಪತ್ರ ಅವನೊಬ್ಬನೇ ಓದಲಿಕ್ಕೆ. ಇನ್ನೊಂದು, ಹೆಂಡತಿ ಕೇಳಿದರೆ ತೋರಿಸಲಿಕ್ಕೆ. ಇದು ನನ್ನ ಊಹೆ ಅಲ್ಲ, ಲಿಂಕನ್ನೇ ಕಾರಣ ಕೊಟ್ಟಿದ್ದಾನೆ. ನನ್ನಿಂದ ಪತ್ರವೇ ಬರುವುದಿಲ್ಲ ಅಂತ ನೀನು ಹೇಳಿದರೂ ಅವಳಿಗೆ ವಿಚಿತ್ರ ಅನ್ನಿಸಬಹುದು, ಬಂದದ್ದನ್ನು ತೋರಿಸಲ್ಲ ಅಂದರೂ ಅನ್ನಿಸಬಹುದು, ಅದಕ್ಕೇ ಇನ್ನೊಂದು ಬರೆದಿದ್ದೇನೆ ಅನ್ನುತ್ತಾನೆ.

ಎರಡರಲ್ಲಿ ಒಂದರ ಸಾಲುಗಳು ಹೀಗಿವೆ: ನಿಮ್ಮಿಬ್ಬರನ್ನೂ ನೆನೆದರೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ. ಒಬ್ಬರಲ್ಲೊಬ್ಬರು ಮುಳುಗಿಹೋಗುತ್ತೀರಿ, ನನ್ನನ್ನು ಪೂರ್ತಿ ಮರೆತುಬಿಡುತ್ತೀರಿ. ನೀನು ಇಲಿನಾಯ್‌ಗೆ ವಾಪಸ್ ಬರುವುದಿಲ್ಲವಂತೆ. ನೀನಿಲ್ಲದೆ ನಾನು ತುಂಬಾ ಒಂಟಿಯಾಗುತ್ತೇನೆ. ಈ ಲೋಕದಲ್ಲಿ ಎಲ್ಲ ಎಷ್ಟು ಕೆಟ್ಟದಾಗಿ ಜೋಡಿಸಿಟ್ಟಿದ್ದಾರೆ ನೋಡು. ಗೆಳೆಯರಿಲ್ಲದಿದ್ದರೆ ಸುಖವಿಲ್ಲ, ಇದ್ದರೆ ಅವರನ್ನು ಕಳೆದುಕೊಳ್ಳುವುದು ಖಂಡಿತ, ಆಗ ಎರಡರಷ್ಟು ನೋವು.

ಇದು ಯಾವ ಪತ್ರದ್ದು? ನಾನು ಮೊದಲ ಸಲ ಓದಿದಾಗ, ಮುಚ್ಚಿಡಬೇಕಾದ ಪತ್ರದ್ದೇ ಅಂದುಕೊಂಡಿದ್ದೆ. ನೀವೂ ಹಾಗೇ ಅಂದುಕೊಂಡಿರಿ, ಅಲ್ವಾ? ಆದರೆ ಇದು ತೋರಿಸುವ ಪತ್ರ. ಹೊಸದಾಗಿ ಮನೆಗೆ ಬಂದ ಹೆಂಡತಿ ಆರಾಮಾಗಿ ಓದಬಹುದು ಅಂತಲೇ ಬರೆದ ಪತ್ರ.

ಹಾಗಾದರೆ ಮುಚ್ಚಿಟ್ಟದ್ದರಲ್ಲಿ ಏನಿತ್ತು? ಅಲ್ಲಿಗೆ ಬರುವ ಮೊದಲು ಐದು ವರ್ಷ ಹಿಂದೆ ಹೋಗಬೇಕು.

ಹದಿನೇಳು ಡಾಲರಿನ ಹಾಸಿಗೆ

1837ರ ಏಪ್ರಿಲ್ 15. ಲಿಂಕನ್ ನ್ಯೂ ಸೇಲಂ ಎಂಬ ಹಳ್ಳಿ ಬಿಟ್ಟು ಸ್ಪ್ರಿಂಗ್‌ಫೀಲ್ಡ್‌ಗೆ ಬಂದ. ಬಂದದ್ದು ಯಾರದೋ ಕುದುರೆಯ ಮೇಲೆ. ಕೈಯಲ್ಲಿದ್ದದ್ದು ಎರಡು ತಡಿಚೀಲ. ಊರಿನ ಒಂದು ಅಂಗಡಿಗೆ ಹೋಗಿ, ಒಬ್ಬರು ಮಲಗುವ ಹಾಸಿಗೆ, ಹೊದಿಕೆ, ದಿಂಬು ಎಲ್ಲ ಸೇರಿ ಎಷ್ಟಾಗುತ್ತೆ ಅಂತ ಕೇಳಿದ. ಅಂಗಡಿ ನೋಡಿಕೊಳ್ಳುತ್ತಿದ್ದವನು 22 ವರ್ಷದ ಜೋಶುವಾ ಸ್ಪೀಡ್. ಲೆಕ್ಕ ಹಾಕಿ 17 ಡಾಲರ್ ಅಂದ.

ರೇಟು ಸರಿಯಾಗೇ ಇರಬಹುದು, ಆದರೆ ನನ್ನ ಹತ್ತಿರ ದುಡ್ಡಿಲ್ಲ ಅಂದ ಲಿಂಕನ್. ಕ್ರಿಸ್‌ಮಸ್‌ವರೆಗೆ ಸಾಲ ಕೊಟ್ಟರೆ, ಇಲ್ಲಿ ನನ್ನ ವಕೀಲಿಕೆ ನಡೆದರೆ, ಆಗ ಕೊಡುತ್ತೇನೆ. ನಡೆಯದಿದ್ದರೆ ಯಾವತ್ತೂ ಕೊಡಲಾರೆನೇನೋ.

ಅಷ್ಟು ಮಂಕಾದ ಮುಖವನ್ನು ತಾನು ಜೀವನದಲ್ಲೇ ನೋಡಿರಲಿಲ್ಲ ಅಂತ ಸ್ಪೀಡ್ ಬಹಳ ವರ್ಷಗಳ ನಂತರ ನೆನೆಸಿಕೊಂಡ. ಇಷ್ಟು ಸಣ್ಣ ಸಾಲಕ್ಕೆ ಇಷ್ಟು ಸಂಕಟವೇ, ಮೇಲೆ ನನ್ನದೊಂದು ದೊಡ್ಡ ಕೋಣೆ ಇದೆ, ಇಬ್ಬರು ಮಲಗುವ ಮಂಚ ಇದೆ, ಬೇಕಾದರೆ ನೀನೂ ಅಲ್ಲೇ ಇರು ಅಂದ. ಕೋಣೆ ಎಲ್ಲಿ ಅಂತ ಕೇಳಿ ಲಿಂಕನ್ ಮೆಟ್ಟಿಲು ಹತ್ತಿದ. ಚೀಲಗಳನ್ನು ನೆಲದ ಮೇಲೆ ಇಟ್ಟ. ಮುಖ ಅರಳಿಸಿಕೊಂಡು ಇಳಿದು ಬಂದ. "ಸರಿ ಸ್ಪೀಡ್, ನಾನು ಬಂದಾಯ್ತು" ಅಂದ.

ಸುಮಾರು ನಾಲ್ಕು ವರ್ಷ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದರು. ಆ ಕಾಲದಲ್ಲಿ ಇದು ಸುದ್ದಿಯೇ ಅಲ್ಲ. ಮಂಚ ದುಬಾರಿ, ಕೋಣೆ ಕಡಿಮೆ, ಚಳಿ ಜಾಸ್ತಿ. ಅದೇ ಕೋಣೆಯಲ್ಲಿ ಅಂಗಡಿಯ ಇನ್ನಿಬ್ಬರು ಹುಡುಗರೂ ಮಲಗುತ್ತಿದ್ದರು. ಅವರಲ್ಲೊಬ್ಬ ವಿಲಿಯಂ ಹರ್ನ್‌ಡನ್, ಮುಂದೆ ಲಿಂಕನ್‌ನ ವಕೀಲಿಕೆಯ ಪಾಲುದಾರನಾದವನು. ಕೋರ್ಟಿನ ಜೊತೆ ಊರೂರು ಸುತ್ತುವಾಗ ವಕೀಲರು ಛತ್ರಗಳಲ್ಲಿ ಇಬ್ಬಿಬ್ಬರಾಗಿ ಒಂದೊಂದು ಹಾಸಿಗೆ ಹಂಚಿಕೊಳ್ಳುತ್ತಿದ್ದರು. ನ್ಯಾಯಾಧೀಶ ಡೇವಿಡ್ ಡೇವಿಸ್‌ಗೆ ಮಾತ್ರ ಒಂದು ಪೂರ್ತಿ ಮಂಚ ಸಿಗುತ್ತಿತ್ತಂತೆ. ಗೌರವಕ್ಕಲ್ಲ. ಆತನ ಮೈ ಅಷ್ಟು ದೊಡ್ಡದು, ಪಕ್ಕದಲ್ಲಿ ಜಾಗ ಉಳಿಯುತ್ತಿರಲಿಲ್ಲ.

ಆದ್ದರಿಂದ ಈ ಪ್ರಕರಣದಲ್ಲಿ ಹಾಸಿಗೆ ದೊಡ್ಡ ವಿಷಯ ಅಲ್ಲ. ಈಗಿನವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಅಷ್ಟೇ. ದೊಡ್ಡ ವಿಷಯ ಪತ್ರಗಳು.

ಹಾಸಿಗೆ ಖಾಲಿಯಾದ ಮೇಲೆ

1841ರ ಜನವರಿ 1ರಂದು ಸ್ಪೀಡ್ ಅಂಗಡಿಯಲ್ಲಿದ್ದ ತನ್ನ ಪಾಲು ಮಾರಿದ. ಕೆಂಟಕಿಗೆ, ಮನೆಯವರ ಹತ್ತಿರ ಹೋಗುವುದು ಅಂತ ತೀರ್ಮಾನವಾಗಿತ್ತು. ಲಿಂಕನ್‌ಗೂ ಮೇರಿ ಟಾಡ್‌ಗೂ ಇದ್ದ ಮದುವೆ ಮಾತು ಮುರಿದದ್ದೂ ಆ ಹೊತ್ತಿನಲ್ಲೇ. ಲಿಂಕನ್ ಮುಂದೆ ಅದನ್ನು "ಆ ಕೆಟ್ಟ ಜನವರಿ ಒಂದು" ಎಂದೇ ಕರೆದ.

ಯಾವುದರಿಂದ ಎಷ್ಟು ನೋವು ಅಂತ ತೂಕ ಹಾಕಲಿಕ್ಕೆ ಹೊರಟವರು ತುಂಬಾ ಜನ. ನಾನು ಹಾಕುವುದಿಲ್ಲ. ಎರಡೂ ಒಟ್ಟಿಗೆ ಬಿದ್ದವು, ಮನುಷ್ಯ ಕುಸಿದ. ಕೋಣೆಯಿಂದ ಕ್ಷೌರದ ಕತ್ತಿ, ಚಾಕು ಎಲ್ಲ ತೆಗೆದಿಡಬೇಕಾಯಿತು ಅಂತ ಸ್ಪೀಡ್ ಹೇಳಿದ್ದಾನೆ. ಆ ತಿಂಗಳ 23ರಂದು ಲಿಂಕನ್ ತನ್ನ ವಕೀಲಿಕೆಯ ಪಾಲುದಾರನಿಗೆ ಬರೆದ: ಬದುಕಿರುವವರಲ್ಲಿ ನನ್ನಷ್ಟು ದುಃಖಿ ಯಾರೂ ಇಲ್ಲ. ನನ್ನ ಸಂಕಟವನ್ನು ಇಡೀ ಮನುಷ್ಯ ಕುಲಕ್ಕೆ ಸಮನಾಗಿ ಹಂಚಿದರೆ, ಭೂಮಿ ಮೇಲೆ ಒಂದು ನಗುಮುಖವೂ ಉಳಿಯುವುದಿಲ್ಲ.

ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಅನ್ನುವ ಗಾದೆ ಕೇಳಿ ಬೆಳೆದವರು ನಾವು. ಹಾಗೆ ನೋಡಿದರೆ ಈ ಗಂಡಸನ್ನು ಯಾರೂ ನಂಬಲೇಬಾರದಿತ್ತು.

ಇಲ್ಲೊಂದು ಅಡ್ಡಮಾತು. ಲಿಂಕನ್ ಪತ್ರ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಮಗನ ಮೇಷ್ಟ್ರಿಗೆ ಬರೆದದ್ದು ಎನ್ನುವ ಆ ಪತ್ರ. ಅಳುವುದರಲ್ಲಿ ನಾಚಿಕೆಯೇನಿಲ್ಲ ಅಂತ ಅವನಿಗೆ ಕಲಿಸಿ, ಅನ್ನುವ ಸಾಲು ಅದರಲ್ಲಿದೆ. ಅದನ್ನು ಲಿಂಕನ್ ಬರೆದ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಬರೆಯದ ಪತ್ರ ಇಷ್ಟು ಪ್ರಸಿದ್ಧ, ನಿಜವಾಗಿ ಅತ್ತು ಬರೆದವು ಯಾರಿಗೂ ಗೊತ್ತಿಲ್ಲ.

1841ರ ಬೇಸಿಗೆಯ ಕೊನೆಗೆ ಲಿಂಕನ್ ಲೂಯಿವಿಲ್ ಹತ್ತಿರ ಸ್ಪೀಡ್ ಮನೆತನದ ತೋಟದ ಮನೆಗೆ ಹೋಗಿ ಕೆಲವು ವಾರ ಇದ್ದ. ದೊಡ್ಡ ಮನೆ, ದೊಡ್ಡ ಜಮೀನು, ದುಡಿಯಲಿಕ್ಕೆ ಗುಲಾಮರು. ಈ ಮಾತು ನೆನಪಿರಲಿ, ಕೊನೆಗೆ ಬೇಕಾಗುತ್ತದೆ. ಅಲ್ಲಿ ಸ್ಪೀಡ್ ಅವನನ್ನು ನೋಡಿಕೊಂಡ. ಅಷ್ಟರಲ್ಲಿ ಸ್ಪೀಡ್‌ನ ಸರದಿ ಬಂತು. ಫ್ಯಾನಿ ಹೆನ್ನಿಂಗ್ ಎಂಬ ಹುಡುಗಿಯ ಜೊತೆ ಮದುವೆ ಗೊತ್ತಾಯಿತು, ಜೊತೆಗೇ ಭಯ ಹತ್ತಿತು. ಇವಳನ್ನು ನಾನು ನಿಜವಾಗಿ ಪ್ರೀತಿಸುತ್ತೇನಾ? ಮದುವೆಯಾದ ಮೇಲೆ ಏನಾಗುತ್ತದೆ? ವರ್ಷದ ಹಿಂದೆ ಲಿಂಕನ್‌ನನ್ನು ತಿಂದದ್ದೂ ಇದೇ ಅನುಮಾನ.

ಈಗ ಲಿಂಕನ್ ವೈದ್ಯನಾದ. ಅವನ ಜೊತೆ ಸ್ಪ್ರಿಂಗ್‌ಫೀಲ್ಡ್‌ಗೆ ಬಂದಿದ್ದ ಸ್ಪೀಡ್ 1842ರ ಜನವರಿಯಲ್ಲಿ ಕೆಂಟಕಿಗೆ ಹೊರಡುವಾಗ ಒಂದು ಪತ್ರ ಬರೆದು ಕೊಟ್ಟ. ಬಾಯಲ್ಲಿ ಹೇಳಿದರೆ ಬೇಕಾದ ಹೊತ್ತಿಗೆ ಮರೆತಿರುತ್ತೀಯ, ಅದಕ್ಕೇ ಕಾಗದದಲ್ಲಿ ಬರೆದಿದ್ದೇನೆ ಅಂದ. ನಿನಗೆ ಭಯ ಬಂದೇ ಬರುತ್ತದೆ, ಅದಕ್ಕೆ ಮೂರು ಕಾರಣ ಇರುತ್ತವೆ ಅಂತ ಎಣಿಸಿದ. ದಾರಿಯ ಕೆಟ್ಟ ಹವೆ. ಕೆಲಸವೂ ಇಲ್ಲದೆ ಗೆಳೆಯರ ಮಾತೂ ಇಲ್ಲದೆ ಕೂರುವುದು. ಮೂರನೆಯದು, ಮದುವೆಯ ದಿನ ಹತ್ತಿರ ಬರುವುದು. ಓದಿದರೆ ನಗು ಬರುತ್ತದೆ, ಎದೆಯೂ ತುಂಬುತ್ತದೆ. ಮದುವೆಯ ಭಯಕ್ಕೆ ಮಳೆ ಕಾರಣ ಅಂತ ಗೆಳೆಯನಿಗೆ ಲೆಕ್ಕ ಒಪ್ಪಿಸಲಿಕ್ಕೆ ಎಷ್ಟು ಪ್ರೀತಿ ಬೇಕು!

ಮದುವೆ ಫೆಬ್ರವರಿ 15ಕ್ಕೆ ಆಯಿತು. ಮರುದಿನವೇ ಸ್ಪೀಡ್ ಪತ್ರ ಬರೆದ. ಅದಕ್ಕೆ ಉತ್ತರವೇ ಆ ಎರಡು ಪತ್ರ.

ಮುಚ್ಚಿಟ್ಟ ಪತ್ರದಲ್ಲಿ ಇದ್ದದ್ದು ಇಷ್ಟು. ನಿನ್ನ ಕಾಗದವನ್ನು ಭಯದಿಂದ ನಡುಗುತ್ತಾ ತೆರೆದೆ. ಅಂದುಕೊಂಡದ್ದಕ್ಕಿಂತ ಒಳ್ಳೆಯ ಸುದ್ದಿಯೇ ಇತ್ತು, ಆದರೂ ಹತ್ತು ಗಂಟೆ ಕಳೆದ ಮೇಲೂ ನನ್ನ ಮನಸ್ಸು ತಣ್ಣಗಾಗಿಲ್ಲ. ಹೇಳಲಾಗದ ಏನೋ ಭಯ ನಿನ್ನನ್ನು ಇನ್ನೂ ಕಾಡುತ್ತಿದೆ ಅಂತೀಯ, ಮೂರು ತಿಂಗಳು ಕಳೆಯಲಿ, ಆಮೇಲೆ ನೀನು ಹಾಗೆ ಹೇಳುವುದಿಲ್ಲ, ಬೇಕಾದರೆ ಪಣ ಕಟ್ಟುತ್ತೇನೆ. ನಮ್ಮಿಬ್ಬರಿಗೂ ಬರುವ ಈ ಅಪಶಕುನದ ಯೋಚನೆಗಳೆಲ್ಲ ಶುದ್ಧ ಹುಚ್ಚು. ನಡುವೆ ಒಂದು ತಮಾಷೆ: ವ್ಯಾಪಾರ ಕೆಟ್ಟರೆ ಅದನ್ನೇ ಇನ್ನೂ ಬಿಗಿಯಾಗಿ ಅಪ್ಪಿಕೋ ಅಂತ ನಮ್ಮಪ್ಪ ಹೇಳುತ್ತಿದ್ದ, ನಿನ್ನ ಈ ವ್ಯಾಪಾರದಲ್ಲಿ ಆ ಮಾತು ಪಾಲಿಸುವುದು ಬಹಳ ಸುಖದ ಕೆಲಸ.

ಅಂದರೆ ಹೆಂಡತಿಯಿಂದ ಮುಚ್ಚಿಡಬೇಕಾದದ್ದು ಗೆಳೆಯನ ಮೇಲಿನ ಪ್ರೀತಿ ಆಗಿರಲಿಲ್ಲ. ಮುಚ್ಚಿಡಬೇಕಾದದ್ದು ಗಂಡಸಿನ ಭಯ.

ನನಗೆ ಇಡೀ ಪ್ರಕರಣದ ಬೀಗದ ಕೈ ಇಲ್ಲಿದೆ ಅನ್ನಿಸುತ್ತದೆ. ಗಂಡಸುತನ ಅನ್ನುವುದಕ್ಕೆ ಎಲ್ಲ ಕಾಲದಲ್ಲೂ ಬೇಲಿ ಇದೆ. ಬೇಲಿ ಎಲ್ಲಿ ಹಾಕಿದ್ದಾರೆ ಅನ್ನುವುದು ಮಾತ್ರ ಬದಲಾಗುತ್ತದೆ. ಅದೇ ವರ್ಷದ ಜುಲೈ 4ರಂದು ಲಿಂಕನ್ ಸ್ಪೀಡ್‌ಗೆ ಬರೆದ ಇನ್ನೊಂದು ಪತ್ರದಲ್ಲಿ ಅವನ ನಿಜವಾದ ನಾಚಿಕೆ ಕಾಣುತ್ತದೆ. ಕೊಟ್ಟ ಮಾತಿಗೆ, ಮಾಡಿದ ನಿರ್ಧಾರಕ್ಕೆ ಕಟ್ಟುಬೀಳುವುದೇ ನನ್ನ ಗುಣದಲ್ಲಿದ್ದ ದೊಡ್ಡ ರತ್ನ ಅಂದುಕೊಂಡಿದ್ದೆ, ಆ ರತ್ನ ಕಳೆದುಹೋಯಿತು, ಎಲ್ಲಿ ಹೇಗೆ ಅಂತ ನಿನಗೆ ಚೆನ್ನಾಗಿ ಗೊತ್ತು ಅನ್ನುತ್ತಾನೆ. ನಿರ್ಧಾರ ಮುರಿದದ್ದು ಅವನಿಗೆ ಅವಮಾನ. ನೀನಿಲ್ಲದೆ ಒಂಟಿಯಾಗುತ್ತೇನೆ ಅಂತ ಬರೆದದ್ದು ಅವಮಾನವೇ ಅಲ್ಲ.

ಕತ್ತಿ ಹಿಡಿದ ಕೈಯಲ್ಲೇ

ಹೀಗೆಲ್ಲ ಬರೆದವನು ಮೆದು ಮನಸ್ಸಿನ ಕವಿ, ಗಂಡಸರ ಲೋಕದ ಹೊರಗೆ ನಿಂತವನು ಅಂದುಕೊಳ್ಳುವುದು ಸುಲಭ. ಹಾಗಲ್ಲ. ಲಿಂಕನ್ ಆರಡಿ ನಾಲ್ಕಿಂಚಿನ ಆಳು. ಕುಸ್ತಿಗೆ ಹೆಸರಾದವನು. ಅದೇ 1842ರ ಸೆಪ್ಟೆಂಬರ್ 22ರಂದು ಅವನು ದ್ವಂದ್ವಯುದ್ಧಕ್ಕೂ ಹೋಗಿದ್ದ.

ಜೇಮ್ಸ್ ಶೀಲ್ಡ್ಸ್ ಎಂಬ ರಾಜಕಾರಣಿಯನ್ನು ಗೇಲಿ ಮಾಡಿ ಪತ್ರಿಕೆಯಲ್ಲಿ ಹೆಸರು ಮರೆಸಿಕೊಂಡು ಬರೆದದ್ದಕ್ಕೆ ಆತ ಸವಾಲು ಹಾಕಿದ. ಆಯುಧ ಆರಿಸುವ ಹಕ್ಕು ಲಿಂಕನ್‌ನದು. ಸವಾರರು ಹಿಡಿಯುವ ದೊಡ್ಡ ಕತ್ತಿ ಆರಿಸಿದ, ತನ್ನ ಕೈ ಉದ್ದ ಅಂತ ಗೊತ್ತಿದ್ದೇ. ಮಿಸಿಸಿಪ್ಪಿ ನದಿಯ ನಡುವಿನ ದಿಬ್ಬಕ್ಕೆ ಇಬ್ಬರೂ ಹೋದರು. ಕೊನೇ ಗಳಿಗೆಯಲ್ಲಿ ಜೊತೆಗಿದ್ದವರು ರಾಜಿ ಮಾಡಿಸಿದರು. ಮುಂದೆ ಈ ಕಥೆ ಯಾರಾದರೂ ಎತ್ತಿದರೆ ಲಿಂಕನ್‌ಗೆ ಇಷ್ಟವಾಗುತ್ತಿರಲಿಲ್ಲ.

ಎರಡು ವಾರದ ನಂತರ, ಅಕ್ಟೋಬರ್ 5ರಂದು, ಲಿಂಕನ್ ಸ್ಪೀಡ್‌ಗೆ ಪತ್ರ ಬರೆದ. ನನ್ನ ದ್ವಂದ್ವಯುದ್ಧದ ವಿಷಯ ಕೇಳಿರುತ್ತೀಯ, ಈ ಊರಲ್ಲಿ ಆ ಹುಚ್ಚು ಇನ್ನೂ ಇಳಿದಿಲ್ಲ ಅಂತ ಶುರು. ಆಮೇಲೆ ಯಾರು ಯಾರಿಗೆ ಸವಾಲು ಹಾಕಿದರು ಅನ್ನುವ ಹರಟೆ. ಅದೇ ಹಾಳೆಯಲ್ಲಿ ಮುಂದೆ ಈ ಪ್ರಶ್ನೆ: ಬುದ್ಧಿಯ ಮಾತು ಬಿಡು, ಮನಸ್ಸಿನಲ್ಲೂ ಮದುವೆಯಾದದ್ದಕ್ಕೆ ನಿನಗೆ ಈಗ ಸಂತೋಷ ಇದೆಯಾ? ಬೇರೆ ಯಾರು ಕೇಳಿದರೂ ಇದು ಉದ್ಧಟತನ, ನಾನು ಕೇಳಿದರೆ ಕ್ಷಮಿಸುತ್ತೀಯ ಅಂತ ಗೊತ್ತು. ಬೇಗ ಉತ್ತರ ಬರಿ, ತಡೆಯಲಾಗುತ್ತಿಲ್ಲ.

ನವೆಂಬರ್ 4ಕ್ಕೆ ಲಿಂಕನ್ ಮೇರಿ ಟಾಡ್‌ಳನ್ನು ಮದುವೆಯಾದ.

ಕತ್ತಿ ಮತ್ತು ಆ ಪ್ರಶ್ನೆ ಒಂದೇ ಪತ್ರದಲ್ಲಿ ಇವೆ. ಬರೆದವನಿಗೆ ಅವೆರಡರ ನಡುವೆ ಹೊಲಿಗೆ ಕಾಣಲೇ ಇಲ್ಲ. ನಮಗೆ ಕಾಣುತ್ತದೆ.

ಹೆಸರು ಬಂದ ಮೇಲೆ

ಲಿಂಕನ್‌ನ ಕಾಲ ಏನೂ ಉದಾರವಾಗಿರಲಿಲ್ಲ. ಗಂಡಸರ ನಡುವಿನ ದೇಹ ಸಂಬಂಧ ಆಗಲೂ ಅಪರಾಧವೇ. ಆದರೆ ಅದು ಒಂದು ಕೃತ್ಯದ ಹೆಸರಾಗಿತ್ತು, ಒಂದು ಬಗೆಯ ಮನುಷ್ಯನ ಹೆಸರಾಗಿರಲಿಲ್ಲ. ಇಂಗ್ಲಿಷಿನ ಹೋಮೋಸೆಕ್ಷುಯಲ್ ಪದದ ಮೂಲ ರೂಪ ಅಚ್ಚಾದದ್ದು 1869ರಲ್ಲಿ, ಜರ್ಮನ್ ಭಾಷೆಯಲ್ಲಿ. ಬಳಸಿದವನು ಕಾರ್ಲ್ ಮಾರಿಯಾ ಕೆರ್ಟ್‌ಬೆನಿ. ಅವನು ಬರೆದದ್ದು ಇಂಥ ಸಂಬಂಧಕ್ಕೆ ಶಿಕ್ಷೆ ಕೊಡುವ ಕಾನೂನಿನ ವಿರುದ್ಧ. ವೈದ್ಯರು ಆ ಪದ ಎತ್ತಿಕೊಂಡರು, ಅದು ಕಾಯಿಲೆಯ ಹೆಸರಾಯಿತು. 1895ರಲ್ಲಿ ಲಂಡನ್‌ನಲ್ಲಿ ಲೇಖಕ ಆಸ್ಕರ್ ವೈಲ್ಡ್‌ಗೆ ಇಂಥ ಸಂಬಂಧಕ್ಕಾಗಿಯೇ ಎರಡು ವರ್ಷದ ಕಠಿಣ ಸಜೆ ಆಯಿತು, ಪತ್ರಿಕೆಗಳ ತುಂಬಾ ಅದೇ ಸುದ್ದಿ. ಆ ಮೊಕದ್ದಮೆಗಳಲ್ಲಿ ವಕೀಲರು ಅವನ ಖಾಸಗಿ ಪತ್ರವನ್ನೇ ಎಲ್ಲರೆದುರು ಓದಿ, ಹೀಗೂ ಒಬ್ಬ ಗಂಡಸು ಇನ್ನೊಬ್ಬನಿಗೆ ಬರೆಯುತ್ತಾನಾ ಅಂತ ಕೇಳಿದ್ದರು.

ಅಲ್ಲಿಂದ ಮುಂದೆ ಪ್ರತಿ ಗಂಡಸೂ ಗೆಳೆಯನ ಹೆಗಲ ಮೇಲೆ ಕೈ ಹಾಕುವ ಮೊದಲು ಒಂದು ಕ್ಷಣ ಸುತ್ತ ನೋಡಬೇಕಾಯಿತು. ನಿಜವಾಗಿ ಗಂಡಸರನ್ನು ಪ್ರೀತಿಸಿದವರು ಜೈಲು ಕಂಡರು, ಮನೆ ಕಳೆದುಕೊಂಡರು. ದೊಡ್ಡ ಬೆಲೆ ಅವರದ್ದು. ಆದರೆ ಸಣ್ಣ ಬೆಲೆಯನ್ನು ಉಳಿದ ಎಲ್ಲ ಗಂಡಸರೂ ಕಂತಿನಲ್ಲಿ ಕಟ್ಟಿದರು, ಕಟ್ಟುತ್ತಿದ್ದೇವೆ ಅಂತ ಗೊತ್ತಾಗದೆ. ಹತ್ತು ಗಂಟೆಯಿಂದ ನಿನ್ನದೇ ಯೋಚನೆ ಅಂತ ಗೆಳೆಯನಿಗೆ ಮೆಸೇಜ್ ಬರೆದು, ಕೊನೆಗೊಂದು ತಮಾಷೆಯ ಚಿತ್ರ ಅಂಟಿಸದೆ ಕಳಿಸಿ ನೋಡಿ. ಬೆರಳು ನಿಲ್ಲುತ್ತದೆ.

ಲಿಂಕನ್ ಪತ್ರಗಳು ಬದಲಾಗಲಿಲ್ಲ, ಓದುವವರು ಬದಲಾದರು. 1926ರಲ್ಲಿ ಕವಿ ಕಾರ್ಲ್ ಸ್ಯಾಂಡ್‌ಬರ್ಗ್ ಲಿಂಕನ್ ಜೀವನಚರಿತ್ರೆ ಬರೆಯುವಾಗ, ಈ ಗೆಳೆತನದಲ್ಲಿ ಲ್ಯಾವೆಂಡರ್ ಬಣ್ಣದ ಒಂದು ಗೆರೆ ಇದೆ ಎಂಬಂಥ ಮಾತು ಹಾಕಿದ. ಗಂಡಸರನ್ನು ಬಯಸುವ ಗಂಡಸರ ಸೂಚನೆಯಾಗಿ ಆ ಬಣ್ಣ ಆಗಿನ ಹಲವು ಓದುಗರಿಗೆ ಗೊತ್ತಿತ್ತು. 2005ರಲ್ಲಿ, ಲಿಂಕನ್ ಗಂಡಸರನ್ನೇ ಬಯಸುತ್ತಿದ್ದ ಎಂದು ವಾದಿಸುವ ಇಡೀ ಪುಸ್ತಕವೇ ಬಂತು. ಇನ್ನು ಕೆಲವು ಇತಿಹಾಸಕಾರರು ಹಾಸಿಗೆ ಹಂಚಿಕೊಳ್ಳುವುದು ಆಗ ಮಾಮೂಲು, ಇದರಲ್ಲಿ ಏನೂ ಇಲ್ಲ ಅಂದರು.

ನನಗೆ ಎರಡು ಕಡೆಯವರ ಮೇಲೂ ಸ್ವಲ್ಪ ಅಸಮಾಧಾನ. ಹಾಸಿಗೆಯನ್ನೇ ಸಾಕ್ಷಿ ಮಾಡಿದರೆ ಆ ಕಾಲದ ಛತ್ರಗಳಲ್ಲಿ ಮಲಗಿದ ಎಲ್ಲ ವಕೀಲರನ್ನೂ ಕಟಕಟೆಗೆ ತರಬೇಕಾಗುತ್ತದೆ. ಇಬ್ಬರ ನಡುವೆ ದೇಹದ ಸಂಬಂಧ ಇತ್ತು ಅನ್ನುವ ನೇರ ಪುರಾವೆ ಯಾವ ಪತ್ರದಲ್ಲೂ ಇಲ್ಲ. ಆದರೆ "ಇಲ್ಲ" ಅನ್ನುವವರ ಧ್ವನಿ ನೋಡಿ. ಯಾರೋ ಕಳ್ಳತನದ ಆರೋಪ ಹೊರಿಸಿದ್ದಾರೆ, ಅಧ್ಯಕ್ಷರ ಮರ್ಯಾದೆ ಉಳಿಸಬೇಕು ಅನ್ನುವ ಗಡಿಬಿಡಿ. ಆ ಗಡಿಬಿಡಿಯಲ್ಲಿ "ಬರೀ ಗೆಳೆಯರು" ಅಂದುಬಿಡುತ್ತಾರೆ. ಆ ಪತ್ರಗಳನ್ನು ಓದಿದ ಮೇಲೆ "ಬರೀ" ಅನ್ನಲಿಕ್ಕೆ ಬಾಯಿ ಹೇಗೆ ಬರುತ್ತದೆ?

ಅಂದ ಹಾಗೆ, ಗಂಡಸರ ನಡುವಿನ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದ ಅಮೆರಿಕದ ಮೊದಲ ರಾಜ್ಯ ಇಲಿನಾಯ್. 1961ರಲ್ಲಿ. ಲಿಂಕನ್ ಶಾಸಕನಾಗಿ ಕೂತಿದ್ದ ಅದೇ ರಾಜ್ಯ.

ಆಮೇಲೆ

ಇಬ್ಬರೂ ಸಂಸಾರಸ್ಥರಾದರು. ಪತ್ರಗಳು ಕಡಿಮೆಯಾದವು. 1846ರ ಅಕ್ಟೋಬರ್‌ನಲ್ಲಿ ಲಿಂಕನ್ ಬರೆದ: ನಮ್ಮಂಥ ಗೆಳೆತನ ಸ್ವಲ್ಪ ಸ್ವಲ್ಪವಾಗಿ ಸಾಯಲಿಕ್ಕೆ ಬಿಡುವುದಕ್ಕೆ ಇದು ತುಂಬಾ ತಣ್ಣನೆಯ ಕಾರಣ, ಇಬ್ಬರೂ ಒಪ್ಪಿಕೊಳ್ಳಬೇಕು. ಅದೇ ಪತ್ರದಲ್ಲಿ, ಅಮೆರಿಕದ ಸಂಸತ್ತಿಗೆ ಆರಿಸಿ ಬಂದೆ, ಅಂದುಕೊಂಡಷ್ಟು ಖುಷಿ ಆಗಲಿಲ್ಲ ಅಂತಲೂ ಇದೆ. ಇಂಥದ್ದನ್ನು ಹೇಳಲಿಕ್ಕೆ ಇನ್ನೂ ಸ್ಪೀಡ್ ಬೇಕಾಗಿತ್ತು.

ಇವರ ನಡುವೆ ನಿಜವಾದ ಬಿರುಕು ತಂದದ್ದು ಗುಲಾಮಗಿರಿ. ಸ್ಪೀಡ್ ಗುಲಾಮರನ್ನು ಇಟ್ಟುಕೊಂಡವನು, ಆ ಹಕ್ಕು ಬಿಡಲಿಕ್ಕೆ ತಯಾರಿರಲಿಲ್ಲ. 1855ರ ಆಗಸ್ಟ್ 24ರಂದು ಲಿಂಕನ್ ಅವನಿಗೆ ಉದ್ದ ಪತ್ರ ಬರೆದ. 1841ರಲ್ಲಿ ನಾವಿಬ್ಬರೂ ಹಡಗಿನಲ್ಲಿ ಹೋಗುವಾಗ ಸರಪಳಿಯಲ್ಲಿ ಬಿಗಿದ ಹತ್ತು ಹನ್ನೆರಡು ಗುಲಾಮರಿದ್ದರು, ನೆನಪಿದೆಯಾ? ಆ ನೋಟ ನನ್ನನ್ನು ಸದಾ ಹಿಂಸಿಸುತ್ತಿತ್ತು ಅಂದ. ಗೆಳೆಯ ಅಂತ ಒಂದು ಮಾತನ್ನೂ ಮೆದು ಮಾಡಲಿಲ್ಲ. ಕೊನೆಗೆ ಫ್ಯಾನಿಗೆ ನನ್ನ ನಮಸ್ಕಾರ ತಿಳಿಸು ಅಂದ. ಹದಿಮೂರು ವರ್ಷ ಹಿಂದೆ ಯಾರಿಂದ ಆ ಒಂದು ಪತ್ರ ಮುಚ್ಚಿಟ್ಟಿದ್ದನೋ, ಅದೇ ಫ್ಯಾನಿ. ಈ ಪತ್ರದ ಮುಖ್ಯ ವಿಷಯದಲ್ಲಿ ನಿನಗಿಂತ ಅವಳೇ ನನ್ನ ಕಡೆ ಜಾಸ್ತಿ ಇದ್ದಾಳೆ ಅಂತ ಬರೆದ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ: ಆದರೂ ಹೇಳುತ್ತೇನೆ, ನಾನು ಎಂದೆಂದಿಗೂ ನಿನ್ನ ಗೆಳೆಯ.